ಇನ್ಯೋ ಕೌಂಟಿಯ ಜಮೀನು ಯಾರದು? ಕ್ಯಾಲಿಫೋರ್ನಿಯಾದ ಒಂದು ಒಣ ಕಣಿವೆಯ ಕಥೆ

ಅಮೆರಿಕಾದಲ್ಲಿ ಕೌಂಟಿ ಅಂದ್ರೆ ನಮ್ಮ ಜಿಲ್ಲೆ ಇದ್ದಂಗೆ ಅಂತ ಎಲ್ರೂ ಹೇಳ್ತಾರೆ. ಮ್ಯಾಪ್ ನೋಡೋವಾಗ ಅದು ಸರೀನೇ, ಆದ್ರೆ ಆಡಳಿತಕ್ಕೆ ಬಂದ್ರೆ ಲೆಕ್ಕ ಬೇರೆ. ಅಲ್ಲಿ ಸರ್ಕಾರ ನೇಮಿಸಿ ಕಳ್ಸೋ ಡಿಸಿ ಅಂತ ಒಬ್ರು ಇರಲ್ಲ. ಕ್ಯಾಲಿಫೋರ್ನಿಯಾದ ಹೆಚ್ಚಿನ ಕೌಂಟಿಗಳಲ್ಲಿ ಐದು ಜನ ಸೂಪರ್‌ವೈಸರ್‌ಗಳನ್ನ ಜನಾನೇ ವೋಟ್ ಹಾಕಿ ಆರಿಸ್ತಾರೆ, ಪೊಲೀಸ್ ಕೆಲಸ ನೋಡೋ ಶೆರಿಫ್ ಎಲೆಕ್ಷನ್ ಗೆದ್ದೇ ಬರ್ಬೇಕು, ಆಸ್ತಿಗೆ ಬೆಲೆ ಕಟ್ಟೋ ಅಸೆಸರ್ ಕೂಡ ಎಲೆಕ್ಷನ್ ಗೆದ್ದೇ ಬರ್ಬೇಕು. ಅಂದ್ರೆ ಕಾಗದದ ಮೇಲೆ ಕೌಂಟಿ ಜನ ತಮ್ಮ ಊರಿಗೆ ತಾವೇ ಯಜಮಾನ್ರು. ಈ ಮಾತು ಎಲ್ಲಿವರೆಗೆ ನಿಜ ಅಂತ ನೋಡ್ಬೇಕಾದ್ರೆ ಇನ್ಯೋ ಕೌಂಟಿಗಿಂತ ಒಳ್ಳೆ ಜಾಗ ಸಿಗಲ್ಲ ಅನ್ನೋದು ನನ್ನ ಅನಿಸಿಕೆ.

ಇನ್ಯೋ ಇರೋದು ಕ್ಯಾಲಿಫೋರ್ನಿಯಾದ ಪೂರ್ವ ಅಂಚಲ್ಲಿ, ನೆವಾಡಾ ರಾಜ್ಯದ ಗಡಿಗೆ ಅಂಟ್ಕೊಂಡು. ವಿಸ್ತೀರ್ಣ ಸುಮಾರು 26,400 ಚದರ ಕಿಮೀ, ಅಂದ್ರೆ ನಮ್ಮ ಬೆಳಗಾವಿ ಜಿಲ್ಲೆಯ ಹತ್ತಿರ ಹತ್ತಿರ ಎರಡರಷ್ಟು. ಆ ರಾಜ್ಯದ 58 ಕೌಂಟಿಗಳಲ್ಲಿ ವಿಸ್ತೀರ್ಣದಲ್ಲಿ ಎರಡನೇ ಸ್ಥಾನ. ಜನ ಎಷ್ಟು ಅಂದ್ರೆ 2020ರ ಜನಗಣತಿಯಲ್ಲಿ 19,016. ಒಂದು ಚದರ ಕಿಲೋಮೀಟರಿಗೆ ಒಬ್ಬ ಮನುಷ್ಯನೂ ಬರಲ್ಲ. ನಗರ ಅಂತ ಕಾನೂನು ಪ್ರಕಾರ ಕರೆಸಿಕೊಳ್ಳೋದು ಬಿಷಪ್ ಒಂದೇ, ಅದರಲ್ಲೂ ನಾಲ್ಕು ಸಾವಿರದ ಒಳಗೆ ಜನ. ಕೌಂಟಿ ಕೇಂದ್ರ ಇರೋದು ಇಂಡಿಪೆಂಡೆನ್ಸ್ ಅನ್ನೋ ಇನ್ನೂ ಚಿಕ್ಕ ಊರಲ್ಲಿ, ಮೇನ್ ರೋಡಲ್ಲಿ ದೊಡ್ಡ ದೊಡ್ಡ ಕಂಬ ನಿಲ್ಸಿರೋ ಬಿಳಿ ಕೋರ್ಟ್ ಕಟ್ಟಡ ಬಿಟ್ರೆ ಅದು ಕೌಂಟಿ ಕೇಂದ್ರ ಅಂತ ಗೊತ್ತಾಗೋದೂ ಕಷ್ಟ.

ಈಗ ಜಮೀನಿನ ಲೆಕ್ಕ ನೋಡಿ. ಕೌಂಟಿಯ ನೆಲದಲ್ಲಿ 90 ಪರ್ಸೆಂಟಿಗಿಂತ ಜಾಸ್ತಿ ಅಮೆರಿಕಾದ ಕೇಂದ್ರ ಸರ್ಕಾರದ್ದು: ನ್ಯಾಷನಲ್ ಪಾರ್ಕ್, ಅರಣ್ಯ, ಮರುಭೂಮಿ, ನೌಕಾಪಡೆಯವರು ಆಯುಧ ಟೆಸ್ಟ್ ಮಾಡೋ ಜಾಗ, ಎಲ್ಲ ಸೇರಿ. ಸುಮಾರು 4 ಪರ್ಸೆಂಟ್ ಲಾಸ್ ಏಂಜಲೀಸ್ ನಗರದ್ದು. ಹೌದು, ಮುನ್ನೂರಕ್ಕೂ ಜಾಸ್ತಿ ಕಿಲೋಮೀಟರ್ ದೂರದಲ್ಲಿರೋ ಇನ್ನೊಂದು ಕೌಂಟಿಯ ಒಂದು ನಗರ ಇಲ್ಲಿ ಸುಮಾರು ಎರಡೂವರೆ ಲಕ್ಷ ಎಕರೆ ಜಮೀನಿನ ಒಡೆಯ. ಸಾಮಾನ್ಯ ಜನರ ಖಾಸಗಿ ಆಸ್ತಿ ಅಂತ ಉಳಿಯೋದು 2 ಪರ್ಸೆಂಟಿಗಿಂತ ಕಮ್ಮಿ. ಆ 4 ಪರ್ಸೆಂಟ್ ಕೇಳೋಕೆ ಚಿಕ್ಕದು ಅನ್ಸಬಹುದು, ಆದ್ರೆ ಅದು ಎಲ್ಲಿದೆ ಅನ್ನೋದು ಮುಖ್ಯ. ಜನ ಬದುಕೋಕೆ ಆಗೋ, ಬೆಳೆ ಬೆಳೆಯೋಕೆ ಆಗೋ, ನೀರಿರೋ ಕಣಿವೆಯ ತಳದಲ್ಲೇ ಅದು ಇರೋದು. ಇದು ಹೆಂಗಾಯ್ತು ಅನ್ನೋದೇ ಈ ಕೌಂಟಿಯ ಇತಿಹಾಸ ಅಂದ್ರೂ ತಪ್ಪಿಲ್ಲ.

ಮೊದ್ಲು ಭೂಗೋಳ, ಯಾಕಂದ್ರೆ ಅದಿಲ್ದೆ ಉಳಿದಿದ್ದು ಅರ್ಥ ಆಗಲ್ಲ. ಪಶ್ಚಿಮಕ್ಕೆ ಸಿಯೆರಾ ನೆವಾಡಾ ಪರ್ವತ ಗೋಡೆ ಥರ ನಿಂತಿದೆ, ಪೂರ್ವಕ್ಕೆ ವೈಟ್ ಮತ್ತು ಇನ್ಯೋ ಬೆಟ್ಟಸಾಲು, ಮಧ್ಯದಲ್ಲಿ ಭೂಮಿ ಕುಸಿದು ಆಗಿರೋ ಉದ್ದನೆಯ ಕಿರಿದಾದ ಓವೆನ್ಸ್ ಕಣಿವೆ. ಪೆಸಿಫಿಕ್ ಸಮುದ್ರದಿಂದ ಬರೋ ಮೋಡಗಳು ಸಿಯೆರಾ ಹತ್ತೋವಾಗ್ಲೇ ತಮ್ಮ ನೀರನ್ನೆಲ್ಲ ಮಳೆ ಹಿಮ ಮಾಡಿ ಸುರಿದು ಮುಗಿಸಿರ್ತಾವೆ, ಈ ಕಡೆ ಇಳಿಯೋದು ಬರೀ ಒಣಗಾಳಿ. ಕಣಿವೆಯಲ್ಲಿ ವರ್ಷಕ್ಕೆ ಐದಾರು ಇಂಚು ಮಳೆ ಬಂದ್ರೆ ಅದೇ ಹೆಚ್ಚು. ಹಂಗಿದ್ರೂ ಕಣಿವೆಗೆ ನೀರಿತ್ತು, ಧಾರಾಳವಾಗೇ ಇತ್ತು, ಯಾಕಂದ್ರೆ ಪರ್ವತದ ಈ ಬದಿಗೆ ಬಿದ್ದ ಹಿಮ ಬೇಸಿಗೆಯಲ್ಲಿ ಕರಗಿ ಹತ್ತಾರು ಹಳ್ಳ ಆಗಿ ಇಳಿದು ಓವೆನ್ಸ್ ನದಿಗೆ ಸೇರ್ತಿತ್ತು. ಆ ನದಿ ಸಮುದ್ರಕ್ಕೆ ಹೋಗ್ತಾನೇ ಇರ್ಲಿಲ್ಲ. ದಕ್ಷಿಣಕ್ಕೆ ಹರಿದು ನೂರು ಚದರ ಮೈಲಿಗಿಂತ ದೊಡ್ಡದಾಗಿದ್ದ ಓವೆನ್ಸ್ ಸರೋವರ ಸೇರಿ ಅಲ್ಲೇ ಮುಗೀತಿತ್ತು. ಹೊರಗೆ ಹೋಗೋ ದಾರಿ ಇಲ್ಲದ್ದಕ್ಕೆ ನೀರು ಆವಿಯಾಗಿ ಉಪ್ಪು ಉಳೀತಿತ್ತು. ಈ ಉಪ್ಪಿನ ವಿಷಯ ನೆನಪಿಟ್ಕೊಳ್ಳಿ, ಮುಂದೆ ಬರುತ್ತೆ.

ಎತ್ತರ ತಗ್ಗಿನ ದಾಖಲೆಗಳೂ ಇದೇ ಕೌಂಟಿಯಲ್ಲಿ. ಅಲಾಸ್ಕಾ ಬಿಟ್ರೆ, ಹವಾಯಿನೂ ಬಿಟ್ರೆ, ಅಮೆರಿಕಾದ ಅತಿ ಎತ್ತರದ ಶಿಖರ ಮೌಂಟ್ ವಿಟ್ನಿ (14,505 ಅಡಿ) ಕೌಂಟಿಯ ಪಶ್ಚಿಮ ಗಡಿ ಮೇಲಿದೆ, ಇಡೀ ಉತ್ತರ ಅಮೆರಿಕಾದ ಅತಿ ತಗ್ಗಿನ ಜಾಗ ಡೆತ್ ವ್ಯಾಲಿಯ ಬ್ಯಾಡ್‌ವಾಟರ್, ಸಮುದ್ರ ಮಟ್ಟಕ್ಕಿಂತ 282 ಅಡಿ ಕೆಳಗೆ, ಪೂರ್ವದ ಕಡೆ ಇದೆ, ಎರಡರ ಮಧ್ಯೆ ನೇರ ದೂರ ನೂರು ಮೈಲಿನೂ ಇಲ್ಲ. 1913ರ ಜುಲೈ 10ಕ್ಕೆ ಡೆತ್ ವ್ಯಾಲಿಯ ಫರ್ನೇಸ್ ಕ್ರೀಕ್‌ನಲ್ಲಿ 134 ಡಿಗ್ರಿ ಫ್ಯಾರನ್‌ಹೀಟ್, ಅಂದ್ರೆ 56.7 ಸೆಲ್ಸಿಯಸ್ ದಾಖಲಾಯ್ತು. ಕೆಲವು ಹವಾಮಾನ ತಜ್ಞರು ಆ ರೀಡಿಂಗ್ ಮೇಲೆ ಡೌಟ್ ಪಡ್ತಾರೆ, ಆದ್ರೂ ಅಧಿಕೃತವಾಗಿ ಪ್ರಪಂಚದ ದಾಖಲೆ ಇವತ್ತಿಗೂ ಅದೇ. ವೈಟ್ ಬೆಟ್ಟಗಳ ಮೇಲೆ ಬ್ರಿಸಲ್‌ಕೋನ್ ಪೈನ್ ಅನ್ನೋ ಮುರುಟಿದ ಮರಗಳಿವೆ, ಅದರಲ್ಲಿ ಮೆಥೂಸೆಲಾ ಅಂತ ಹೆಸರಿಟ್ಟಿರೋದಕ್ಕೆ 4,800 ವರ್ಷಕ್ಕೂ ಜಾಸ್ತಿ ವಯಸ್ಸು. ಅದು ಯಾವ ಮರ ಅಂತ ಅರಣ್ಯ ಇಲಾಖೆಯವರು ಬೋರ್ಡ್ ಹಾಕಿಲ್ಲ, ಹಾಕಿದ್ರೆ ತೊಗಟೆ ಕಿತ್ತು ಹೆಸರು ಕೆತ್ತೋ ಜನ ಎಲ್ಲ ದೇಶದಲ್ಲೂ ಇರ್ತಾರೆ, ಅವರು ಮಾಡಿದ್ದು ಸರಿ.

ಬಿಳಿಯರು ಬರೋಕೆ ಮುಂಚೆ ಈ ಕಣಿವೆ ಪೈಯೂಟ್ ಜನರದ್ದು, ಡೆತ್ ವ್ಯಾಲಿ ಕಡೆ ಟಿಂಬಿಶಾ ಶೋಶೋನಿ ಜನರದ್ದು. ಪೈಯೂಟರ ಭಾಷೆಯಲ್ಲಿ ಕಣಿವೆಯ ಹೆಸರು ಪಾಯಾಹೂನಾಡು, ನೀರು ಹರಿಯೋ ಜಾಗ ಅಂತ. ಇವರನ್ನ ಬೇಟೆಗಾರರು, ಅಲೆಮಾರಿಗಳು ಅಂತಷ್ಟೇ ತುಂಬಾ ಕಾಲ ಬರ್ಕೊಂಡು ಬಂದ್ರು, ಆದ್ರೆ ಬಿಷಪ್ ಹತ್ತಿರದ ಹಳ್ಳಗಳಿಗೆ ಅಡ್ಡಕಟ್ಟೆ ಹಾಕಿ ಮೈಲಿಗಟ್ಲೆ ಕಾಲುವೆ ತೋಡಿ ಹುಲ್ಲುಗಾವಲಿಗೆ ನೀರು ಹಾಯಿಸ್ತಿದ್ರು. ಏನು ಬೆಳೀತಿದ್ರು ಅಂದ್ರೆ ನಮ್ಮ ಹೊಲದಲ್ಲಿ ಕಳೆ ಅಂತ ಕಿತ್ತೆಸಿಯೋ ಜೇಕಿನ ಜಾತಿಯದೇ ಒಂದು ಹುಲ್ಲು, ಅದರ ಗಡ್ಡೆ ಅವರಿಗೆ ಚಳಿಗಾಲದ ಆಹಾರ. ನೀರು ಬಿಡೋಕೆ ಊರವರೇ ಸೇರಿ ಒಬ್ಬ ನೀರುಗಂಟಿಯನ್ನ ಆರಿಸ್ತಿದ್ರು.

1861ರಲ್ಲಿ ದನ ಹೊಡ್ಕೊಂಡು ಬಿಳಿ ರಾಂಚರ್‌ಗಳು ಬಂದ್ರು, ಹತ್ತಿರದ ಗಣಿ ಊರುಗಳಿಗೆ ಮಾಂಸ ಮಾರೋಕೆ. ದನ ಬಿಟ್ಟಿದ್ದು ಪೈಯೂಟರು ನೀರು ಹಾಯಿಸಿ ಬೆಳೆಸಿದ್ದ ಆ ಹುಲ್ಲಿನ ಮೇಲೇನೇ. ಆ ವರ್ಷದ ಚಳಿಗಾಲ ಬೇರೆ ಭಯಂಕರ, ಹೊಟ್ಟೆಗಿಲ್ದೆ ಪೈಯೂಟರು ದನ ಕಡಿದು ತಿಂದ್ರು, ಅದಕ್ಕೆ ಗುಂಡು, ಗುಂಡಿಗೆ ಪ್ರತಿಯಾಗಿ ಬಾಣ, ಹಿಂಗೇ ಯುದ್ಧ ಶುರುವಾಯ್ತು. 1862ರ ಜುಲೈ 4ಕ್ಕೆ ಸೈನ್ಯ ಬಂದು ಕ್ಯಾಂಪ್ ಹಾಕ್ತು, ಆ ದಿನ ಅಮೆರಿಕಾದ ಸ್ವಾತಂತ್ರ್ಯ ದಿನ ಆಗಿದ್ದಕ್ಕೆ ಕ್ಯಾಂಪಿಗೆ ಇಂಡಿಪೆಂಡೆನ್ಸ್ ಅಂತ ಹೆಸರಿಟ್ರು, ಊರಿನ ಹೆಸರು ಬಂದಿದ್ದು ಹಂಗೆ. ಸೈನ್ಯ ಬೆಳೆ, ಕೂಡಿಟ್ಟ ಕಾಳುಕಡ್ಡಿ ಎಲ್ಲ ಸುಟ್ಟು ಹಾಕಿ ಹಸಿವಿನಿಂದಾನೇ ಅವರನ್ನ ಮಣಿಸ್ತು, 1863ರಲ್ಲಿ ಹತ್ತಿರ ಹತ್ತಿರ ಸಾವಿರ ಜನರನ್ನ ಬೇಸಿಗೆ ಬಿಸಿಲಲ್ಲಿ ನಡೆಸ್ಕೊಂಡು ದೂರದ ಫೋರ್ಟ್ ಟೆಹೋನ್‌ಗೆ ಸಾಗಿಸಿದ್ರು. ದಾರೀಲಿ ಸತ್ತವರಿದ್ದಾರೆ, ತಪ್ಪಿಸ್ಕೊಂಡವರಿದ್ದಾರೆ. ಆಮೇಲೆ ಎಷ್ಟೋ ಜನ ವಾಪಸ್ ಬಂದ್ರು, ಬಂದು ತಮ್ಮದೇ ನೆಲದಲ್ಲಿ, ಅದನ್ನ ಹಿಡ್ಕೊಂಡಿದ್ದವರ ಹತ್ತಿರ ಕೂಲಿಗೆ ನಿಂತ್ರು. 1866ರಲ್ಲಿ ಇನ್ಯೋ ಕೌಂಟಿ ರಚನೆ ಆದಾಗ ಭೂಮಾಲೀಕರ ಮೊದಲ ಬದಲಾವಣೆ ಹಿಂಗೆ ಮುಗಿದಿತ್ತು.

ನಡುವಿನ ಗಣಿ ಕಾಲ ಗಲಾಟೆಯದು, ಬೇಗ ಹೇಳಿ ಮುಗಿಸ್ತೀನಿ. ಇನ್ಯೋ ಬೆಟ್ಟದ ಮೇಲೆ ಸೆರ್ರೋ ಗೋರ್ಡೋದಲ್ಲಿ ಬೆಳ್ಳಿ ಮತ್ತು ಸೀಸ ಸಿಕ್ತು, ಗಟ್ಟಿಗಳನ್ನ ಹೇಸರಗತ್ತೆ ಗಾಡಿಗಳಲ್ಲಿ ಲಾಸ್ ಏಂಜಲೀಸ್‌ಗೆ ಸಾಗಿಸ್ತಿದ್ರು, 1870ರ ದಶಕದಲ್ಲಿ ಓವೆನ್ಸ್ ಸರೋವರದ ಮೇಲೆ ಸ್ಟೀಮ್ ಬೋಟ್ ಓಡಾಡ್ತಿತ್ತು. ಆಗ ಚಿಕ್ಕ ಊರಾಗಿದ್ದ ಲಾಸ್ ಏಂಜಲೀಸ್ ಈ ವ್ಯಾಪಾರದಿಂದ ಚೆನ್ನಾಗೇ ದುಡ್ಡು ಮಾಡ್ತು, ಅಂದ್ರೆ ನೀರಿಗಿಂತ ಮೊದಲೇ ಇನ್ಯೋದ ಬೆಳ್ಳಿ ಅಲ್ಲಿಗೆ ಹೋಗಿದೆ. ಅಮೆರಿಕಾದ ಉತ್ತರ ಮತ್ತು ದಕ್ಷಿಣ ರಾಜ್ಯಗಳ ನಡುವಿನ ಸಿವಿಲ್ ವಾರ್ ಜಗಳ ಇಲ್ಲಿಗೂ ಬಂದಿತ್ತು: ದಕ್ಷಿಣದ ಪರ ಇದ್ದ ಗಣಿಗಾರರು ಅವರ ಯುದ್ಧನೌಕೆ ಅಲಬಾಮಾದ ಹೆಸರನ್ನ ಲೋನ್ ಪೈನ್ ಊರಿನ ಪಕ್ಕದ ಗುಡ್ಡಗಳಿಗೆ ಇಟ್ರು, ಆ ನೌಕೆಯನ್ನ 1864ರಲ್ಲಿ ಮುಳುಗಿಸಿದ ಉತ್ತರದ ನೌಕೆ ಕಿಯರ್‌ಸಾರ್ಜ್, ಅದಕ್ಕೆ ಉತ್ತರದ ಪರ ಇದ್ದವರು ಇಂಡಿಪೆಂಡೆನ್ಸ್ ಹತ್ತಿರದ ಶಿಖರಕ್ಕೂ ಕಣಿವೆದಾರಿಗೂ ಕಿಯರ್‌ಸಾರ್ಜ್ ಅಂತಾನೇ ಇಟ್ರು. 1872ರ ಮಾರ್ಚ್ 26ರ ಬೆಳಗಿನ ಜಾವ ದೊಡ್ಡ ಭೂಕಂಪ ಆಗಿ ಲೋನ್ ಪೈನ್‌ನ ಇಟ್ಟಿಗೆ ಮಣ್ಣಿನ ಮನೆಗಳೆಲ್ಲ ಉರುಳಿದ್ವು, 27 ಜನ ಸತ್ರು. 1880ರ ದಶಕದಲ್ಲಿ ಡೆತ್ ವ್ಯಾಲಿಯಿಂದ ಬೋರಾಕ್ಸ್ (ಬಿಳಿಗಾರ) ಸಾಗಿಸಿದ ಇಪ್ಪತ್ತು ಪ್ರಾಣಿಗಳ ಗಾಡಿ ಪ್ರಪಂಚಕ್ಕೆಲ್ಲ ಜಾಹೀರಾತಾಯ್ತು, 165 ಮೈಲಿ ಮರುಭೂಮಿ ದಾರಿ, ಆ ಬಿಸಿಲಲ್ಲಿ ಬೋರಾಕ್ಸ್ ಕೆರೆದು ತೆಗೆದಿದ್ದು ಮಾತ್ರ ಚೀನೀ ಕೂಲಿಗಳು, ಜಾಹೀರಾತಲ್ಲಿ ಅವರಿಲ್ಲ.

1900ರ ಹೊತ್ತಿಗೆ ಗಣಿಗಳು ಸೊರಗಿ ಕಣಿವೆಯಲ್ಲಿ ವ್ಯವಸಾಯ ಬೇರೂರಿತ್ತು. ಸೇಬು, ಪೇರ್, ಕುದುರೆಮಸಾಲೆ ಸೊಪ್ಪು, ದನ. ಅದೇ ಹೊತ್ತಿಗೆ ದಕ್ಷಿಣದ ಲಾಸ್ ಏಂಜಲೀಸ್‌ನಲ್ಲಿ ಲಕ್ಷ ಜನ ಆಗಿದ್ರು, ಮುಂದಿನ ಹತ್ತು ವರ್ಷದಲ್ಲಿ ಮೂರು ಲಕ್ಷ ದಾಟಿದ್ರು, ಅವರ ಹತ್ತಿರ ಇದ್ದಿದ್ದು ಬೇಸಿಗೆಯಲ್ಲಿ ಸಣ್ಣಗಾಗೋ ಒಂದು ನದಿ. ಆ ನಗರದ ಮಾಜಿ ಮೇಯರ್ ಫ್ರೆಡ್ ಈಟನ್‌ಗೆ ಮೊದಲಿಂದ ಓವೆನ್ಸ್ ನದಿ ಮೇಲೆ ಕಣ್ಣು. 1904ರಲ್ಲಿ ಅವನು ನಗರದ ನೀರಿನ ಎಂಜಿನಿಯರ್ ವಿಲಿಯಂ ಮಲ್‌ಹಾಲಂಡ್‌ನನ್ನ ಕುದುರೆ ಗಾಡೀಲಿ ಕರ್ಕೊಂಡು ಬಂದು ಕಣಿವೆ ತೋರಿಸ್ದ. ಮಲ್‌ಹಾಲಂಡ್ ನೋಡಿದ್ದು ಒಂದೇ ಲೆಕ್ಕ: ಕಣಿವೆ ಸಮುದ್ರ ಮಟ್ಟದಿಂದ ಸುಮಾರು ನಾಲ್ಕು ಸಾವಿರ ಅಡಿ ಮೇಲಿದೆ, ಲಾಸ್ ಏಂಜಲೀಸ್ ಕೆಳಗಿದೆ, ದಾರಿ ಸರಿಯಾಗಿ ಹಿಡಿದ್ರೆ ಒಂದೇ ಒಂದು ಪಂಪ್ ಇಲ್ದೆ ನೀರು ತಾನಾಗೇ ಇಳ್ಕೊಂಡು ಬರುತ್ತೆ, ದಾರೀಲಿ ಕರೆಂಟೂ ಹುಟ್ಟಿಸಬಹುದು.

ಆದ್ರೆ ಇನ್ನೊಂದು ಕಣಿವೆಯ ನೀರನ್ನ ಒಂದು ನಗರ ಹೆಂಗೆ ತಗೊಂಡು ಹೋಗೋಕಾಗುತ್ತೆ? ಇದೇ ಪ್ರಶ್ನೆಯಲ್ಲಿ ಜನ ಎಡವೋದು, ಯಾರೋ ರಾತ್ರೋರಾತ್ರಿ ನೀರು ಕದ್ರು ಅನ್ಕೋತಾರೆ. ಕದಿಯೋದು ಬೇಕೇ ಇರ್ಲಿಲ್ಲ. ಅಲ್ಲಿನ ಕಾನೂನಲ್ಲಿ ನೀರಿನ ಹಕ್ಕು ಬರೋದು ಎರಡು ಥರ, ನದಿ ದಡದಲ್ಲಿ ಜಮೀನಿದ್ರೆ ಅದರ ಜೊತೆ ಬರುತ್ತೆ, ಇಲ್ಲಾ ಮೊದಲು ಯಾರು ನೀರು ತಿರುಗಿಸ್ಕೊಂಡು ಬಳಸಿದ್ರೋ ಅವರಿಗೆ ಮೊದಲ ಹಕ್ಕು. ಮೊದಲನೇದು ಜಮೀನಿನ ಜೊತೆಗೇ ಕೈ ಬದಲಾಗುತ್ತೆ, ಎರಡನೇದನ್ನೂ ಮಾರಬಹುದು. ಆದ್ದರಿಂದ ನೀರು ಬೇಕಾದ್ರೆ ಜಮೀನು ಕೊಂಡ್ಕೊಂಡ್ರೆ ಮುಗೀತು. ಈಟನ್ 1905ರಲ್ಲಿ ಬಂದು ದನದ ರಾಂಚ್ ಮಾಡ್ತೀನಿ ಅನ್ನೋ ಹಾಗೆ ಓಡಾಡ್ಕೊಂಡು ನದಿ ಪಕ್ಕದ ಜಮೀನುಗಳಿಗೆ ಅಗ್ರಿಮೆಂಟ್ ಮಾಡಿಸ್ಕೊಂಡ. ಇದರಲ್ಲಿ ಇನ್ನೊಂದು ಗಂಟು ಇತ್ತು. ಆಗ ತಾನೇ ಕೇಂದ್ರ ಸರ್ಕಾರದ ನೀರಾವರಿ ಇಲಾಖೆ ಇದೇ ಕಣಿವೆಯ ರೈತರಿಗೋಸ್ಕರ ಒಂದು ನೀರಾವರಿ ಯೋಜನೆ ಸರ್ವೆ ಮಾಡ್ತಿತ್ತು, ಅದರ ಉಸ್ತುವಾರಿ ಜೋಸೆಫ್ ಲಿಪಿನ್‌ಕಾಟ್‌ದು, ಆತ ಈಟನ್‌ಗೆ ಸ್ನೇಹಿತ, ಸಾಲದ್ದಕ್ಕೆ ಸರ್ಕಾರಿ ಕೆಲಸದಲ್ಲಿದ್ದುಕೊಂಡೇ ಲಾಸ್ ಏಂಜಲೀಸ್ ನಗರಕ್ಕೆ ಸಲಹೆಗಾರನಾಗಿ ದುಡ್ಡೂ ತಗೋತಿದ್ದ. ರೈತರು ಈಟನ್ ಕೊಳ್ತಿರೋದು ಸರ್ಕಾರದ ಯೋಜನೆಗೇ ಇರ್ಬೇಕು ಅನ್ಕೊಂಡು ಸಹಿ ಹಾಕಿದ್ರು ಅಂತ ಆಮೇಲೆ ದೂರು. 1905ರ ಜುಲೈ ಕೊನೆಯಲ್ಲಿ ಲಾಸ್ ಏಂಜಲೀಸ್‌ನ ಪತ್ರಿಕೆಯಲ್ಲಿ ಸುದ್ದಿ ಬಂದಾಗ್ಲೇ ಕಣಿವೆಯವರಿಗೆ ಪೂರ್ತಿ ಗೊತ್ತಾಗಿದ್ದು. ಸರ್ಕಾರದ ನೀರಾವರಿ ಯೋಜನೆ ಸದ್ದಿಲ್ದೆ ಸತ್ತೋಯ್ತು. ಲಿಪಿನ್‌ಕಾಟ್ ಮುಂದೆ ನಗರದ ಕಾಲುವೆ ಕೆಲಸಕ್ಕೇ ಸೇರ್ಕೊಂಡ.

ಇದರಲ್ಲಿ ನಂಗೆ ಅತಿ ವಿಚಿತ್ರ ಅನ್ಸೋದು ಕಾಡಿನ ವಿಷಯ. ಕಾಲುವೆ ದಾರೀಲಿದ್ದ ಸರ್ಕಾರಿ ಜಮೀನಿಗೆ ಹೊಸ ರೈತರು ಅರ್ಜಿ ಹಾಕಿ ಬಂದು ಕೂತ್ಕೊಂಡ್ರೆ ನಗರಕ್ಕೆ ತೊಂದ್ರೆ. ಅದಕ್ಕೆ 1907ರಲ್ಲಿ ಇನ್ಯೋ ನ್ಯಾಷನಲ್ ಫಾರೆಸ್ಟ್ ಅಂತ ಘೋಷಿಸಿ ಆ ಜಾಗ ಸೇರಿಸ್ಕೊಂಡ್ರು, ಕಾಡಾದ್ರೆ ಅಲ್ಲಿ ಯಾರಿಗೂ ಜಮೀನು ಸಿಗಲ್ವಲ್ಲ. ಒಂದು ಮರ ಇಲ್ಲದ ಪೊದೆ ಬಯಲು ಕಾಗದದಲ್ಲಿ ಅರಣ್ಯ ಆಗೋಯ್ತು. ಆಗಿನ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಹೆಚ್ಚು ಜನಕ್ಕೆ ಹೆಚ್ಚು ಉಪಯೋಗ ಅನ್ನೋ ವಾದಕ್ಕೆ ನಗರದ ಪರ ನಿಂತ. ಆ ವಾದಾನ ಸುಮ್ನೆ ತಳ್ಳಿ ಹಾಕೋಕೂ ಆಗಲ್ಲ, ಕೆಲವೇ ಸಾವಿರ ಜನರ ಕಣಿವೆ ಒಂದು ಕಡೆ, ಲಕ್ಷಾಂತರ ಜನರ ನಗರ ಇನ್ನೊಂದು ಕಡೆ. ಆದ್ರೆ ಆ ನೀರು ಮೊದಲು ಹೋಗಿದ್ದು ನಗರದ ನಲ್ಲಿಗಳಿಗಷ್ಟೇ ಅಲ್ಲ, ಪಕ್ಕದ ಸ್ಯಾನ್ ಫರ್ನಾಂಡೋ ಕಣಿವೆಗೆ, ಅಲ್ಲಿ ನಗರದ ಪತ್ರಿಕೆ ಮಾಲೀಕರು, ರೈಲ್ವೆ ಕುಳಗಳು ಸೇರಿ ಮೊದಲೇ ಅಗ್ಗಕ್ಕೆ ಜಮೀನು ಹಿಡ್ಕೊಂಡಿದ್ರು. ಹೆಚ್ಚು ಜನಕ್ಕೆ ಉಪಯೋಗ ಅನ್ನೋವಾಗ ಆ ಹೆಚ್ಚು ಜನರಲ್ಲಿ ಯಾರ್ಯಾರಿದ್ರು ಅಂತಾನೂ ನೋಡ್ಬೇಕು.

1907ರಲ್ಲಿ ನಗರದ ಜನ 2.3 ಕೋಟಿ ಡಾಲರ್ ಬಾಂಡಿಗೆ ವೋಟ್ ಹಾಕಿದ್ರು, 1908ರಿಂದ ಸಾವಿರಾರು ಕೂಲಿಗಳು ಕೆಲಸ ಮಾಡಿ 233 ಮೈಲಿ ಉದ್ದದ ಕಾಲುವೆ, ಸುರಂಗ, ಉಕ್ಕಿನ ಪೈಪು ಎಲ್ಲ ಕಟ್ಟಿದ್ರು. 1913ರ ನವೆಂಬರ್ 5ಕ್ಕೆ ನೀರು ಸ್ಯಾನ್ ಫರ್ನಾಂಡೋಗೆ ಧುಮುಕ್ತು. ಎಂಜಿನಿಯರಿಂಗ್ ಅಂತ ನೋಡಿದ್ರೆ ದೊಡ್ಡ ಕೆಲಸ, ಬಜೆಟ್ ಒಳಗೇ ಮುಗಿಸಿದ್ದು ಇನ್ನೂ ದೊಡ್ಡ ಆಶ್ಚರ್ಯ.

ಜಗಳ ಬಿಸಿಯಾಗಿದ್ದು 1920ರ ದಶಕದಲ್ಲಿ. ಬರ ಬಂತು, ನಗರ ಬೆಳೀತಾನೇ ಇತ್ತು, ಮೊದಲು ಕೊಂಡಿದ್ದು ಕಣಿವೆಯ ಕೆಳಭಾಗ, ಈಗ ಮೇಲ್ಭಾಗದ ಬಿಷಪ್ ಕಡೆಯ ನೀರೂ ಬೇಕಾಯ್ತು. ಅಲ್ಲಿ ರೈತರು ಸೇರಿ ಕಾಲುವೆ ಕಂಪನಿ ಮಾಡ್ಕೊಂಡಿದ್ರು, ಷೇರಿದ್ದಷ್ಟು ನೀರು. ನಗರದ ಏಜೆಂಟರು ಒಬ್ಬೊಬ್ಬರನ್ನೇ ಹಿಡಿದು ಕೊಳ್ತಾ ಬಂದ್ರು, ಒಂದು ತೋಟ ಕೊಂಡ್ರೆ ಪಕ್ಕದ್ದು ಬಿಟ್ಟು ಅದರಾಚೆದು. ಹಿಂಗಾದಾಗ ಉಳಿದವನ ಗತಿ ನೋಡಿ, ಕಾಲುವೆ ರಿಪೇರಿಗೆ ಅಕ್ಕಪಕ್ಕ ಯಾರೂ ಇಲ್ಲ, ಕಂಪನಿಯಲ್ಲಿ ದೊಡ್ಡ ಷೇರುದಾರ ನಗರಾನೇ, ಮಕ್ಕಳಿಲ್ದೆ ಸ್ಕೂಲ್ ಮುಚ್ತಾರೆ, ಗಿರಾಕಿ ಇಲ್ದೆ ಅಂಗಡಿ ಮುಚ್ತಾರೆ, ಕೊನೆಗೆ ಅವನೂ ಮಾರ್ತಾನೆ. ಯಾರೂ ಕತ್ತಿಗೆ ಚಾಕು ಇಟ್ಟು ಸಹಿ ಹಾಕಿಸ್ಕೊಂಡಿಲ್ಲ, ಎಷ್ಟೋ ಜನಕ್ಕೆ ಸಿಕ್ಕಿದ ರೇಟೂ ಕೆಟ್ಟದಿರ್ಲಿಲ್ಲ, ಆದ್ರೂ ಊರು ಊರಾಗಿ ಉಳಿಯೋಕೆ ಆಗ್ಲಿಲ್ಲ.

1924ರ ಮೇ ತಿಂಗಳಲ್ಲಿ ಕಾಲುವೆಗೆ ಮೊದಲ ಡೈನಮೈಟ್ ಬಿತ್ತು. ನವೆಂಬರ್ 16ಕ್ಕೆ ಸುಮಾರು 70 ಜನ ಹೋಗಿ ಲೋನ್ ಪೈನ್ ಹತ್ತಿರ ಕಾಲುವೆಗಿದ್ದ ಅಲಬಾಮಾ ಗೇಟ್ಸ್ ಹಿಡ್ಕೊಂಡು, ಗೇಟು ಎತ್ತಿ, ನಗರಕ್ಕೆ ಹೋಗೋ ನೀರನ್ನೆಲ್ಲ ಹಳೇ ನದಿಗೆ ಬಿಟ್ಬಿಟ್ರು. ಶೆರಿಫ್ ಬಂದು ಹೇಳಿದ್ರೂ ಕದಲ್ಲಿಲ್ಲ, ಅವನೂ ಜಾಸ್ತಿ ಒತ್ತಾಯ ಮಾಡ್ಲಿಲ್ಲ, ವೋಟ್ ಹಾಕೋರು ಇವರೇ ತಾನೇ. ಹೆಂಗಸರು ಮಕ್ಕಳೆಲ್ಲ ಬಂದು ಸೇರಿ ಅಲ್ಲೇ ಒಲೆ ಹೂಡಿ ಮಾಂಸ ಸುಟ್ಟು ಊಟ ಮಾಡ್ಕೊಂಡು ಜಾತ್ರೆ ಥರ ಆಯ್ತು, ಹತ್ತಿರದಲ್ಲಿ ಶೂಟಿಂಗ್ ಮಾಡ್ತಿದ್ದ ಕೌಬಾಯ್ ಸಿನಿಮಾ ನಟ ಟಾಮ್ ಮಿಕ್ಸ್ ತನ್ನ ವಾದ್ಯದವರನ್ನ ಕಳ್ಸಿದ್ದ. ನಾಲ್ಕೈದು ದಿನ ಆದ್ಮೇಲೆ ಮಾತುಕತೆ ಭರವಸೆ ಸಿಕ್ಕಿ ಎದ್ದು ಹೋದ್ರು. ಭರವಸೆಯಿಂದ ಏನೂ ಹುಟ್ಟಲಿಲ್ಲ, 1927ರಲ್ಲಿ ಮತ್ತೆ ಸಾಲು ಸಾಲು ಸ್ಫೋಟ, ನಗರದವರು ಬಂದೂಕು ಕೊಟ್ಟು ಕಾವಲುಗಾರರನ್ನ ಕಳ್ಸಿದ್ರು.

ಹೋರಾಟ ಮುರಿದಿದ್ದು ಬಂದೂಕಿನಿಂದ ಅಲ್ಲ. ಮುಂದಾಳುಗಳು ವಿಲ್‌ಫ್ರೆಡ್ ಮತ್ತು ಮಾರ್ಕ್ ವಾಟರ್‌ಸನ್ ಅನ್ನೋ ಅಣ್ಣತಮ್ಮಂದಿರು, ಇನ್ಯೋದ ಬ್ಯಾಂಕುಗಳೆಲ್ಲ ಅವರದ್ದೇ, ರೈತರಿಗೆ ಸಾಲ ಕೊಟ್ಟು ನಿಲ್ಸಿದ್ದವರು ಅವರೇ. 1927ರ ಆಗಸ್ಟ್‌ನಲ್ಲಿ ಲೆಕ್ಕ ಪರಿಶೀಲನೆಗೆ ಅಧಿಕಾರಿಗಳು ಬಂದಾಗ ದೊಡ್ಡ ಮೊತ್ತ ಕಾಣೆ, ಬ್ಯಾಂಕ್ ಬಾಗಿಲು ಹಾಕ್ತು, ಕಣಿವೆಯವರ ಉಳಿತಾಯ ಎಲ್ಲ ಒಂದೇ ದಿನಕ್ಕೆ ಹೋಯ್ತು. ದುಡ್ಡನ್ನ ತಮ್ಮ ಸ್ವಂತ ಕಂಪನಿಗಳಿಗೆ ತಿರುಗಿಸಿದ್ರು, ಕಣಿವೆಯನ್ನ ಉಳಿಸೋಕೇ ಮಾಡಿದ್ವಿ ಅನ್ನೋದು ಅವರ ವಾದ. ಇಂಡಿಪೆಂಡೆನ್ಸ್‌ನ ಅದೇ ಕಂಬದ ಕೋರ್ಟಲ್ಲಿ ವಿಚಾರಣೆ ಆಗಿ ಇಬ್ಬರೂ ಸ್ಯಾನ್ ಕ್ವೆಂಟಿನ್ ಜೈಲಿಗೆ ಹೋದ್ರು. ಅವರನ್ನ ಇವತ್ತಿಗೂ ಕೆಲವರು ಹೀರೋ ಅಂತಾರೆ, ಕೆಲವರು ಕಳ್ಳರು ಅಂತಾರೆ, ಎರಡೂ ಇರಬಹುದು. ಮುಂದಿನ ಕೆಲವೇ ವರ್ಷದಲ್ಲಿ ನಗರ ಕಣಿವೆಯ ವ್ಯವಸಾಯದ ಜಮೀನು ಹೆಚ್ಚುಕಮ್ಮಿ ಪೂರ್ತಿ, ಜೊತೆಗೆ ಊರೊಳಗಿನ ಸೈಟುಗಳಲ್ಲೂ ಬಹುಪಾಲು ಕೊಂಡು ಮುಗಿಸ್ತು.

ಇಷ್ಟರಲ್ಲಿ ಪೈಯೂಟರು ಎಲ್ಲಿದ್ರು? ರಾಂಚ್‌ಗಳು ಮುಚ್ಚಿದಾಗ ಅವರ ಕೂಲಿಯೂ ಹೋಯ್ತು, ಇದನ್ನ ನೀರಿನ ಯುದ್ಧದ ಕಥೆ ಹೇಳೋರು ಸಾಮಾನ್ಯವಾಗಿ ಬಿಟ್ಬಿಡ್ತಾರೆ. 1930ರ ದಶಕದ ಕೊನೆಯಲ್ಲಿ ಕೇಂದ್ರ ಸರ್ಕಾರ ಅವರಿಗಾಗಿ ಇಟ್ಟಿದ್ದ ಸುಮಾರು 2,900 ಎಕರೆ ನಗರಕ್ಕೆ ಕೊಟ್ಟು ಬದಲಿಗೆ ಬಿಷಪ್, ಬಿಗ್ ಪೈನ್, ಲೋನ್ ಪೈನ್ ಹತ್ತಿರ ಸುಮಾರು 1,400 ಎಕರೆ ತಗೊಂಡ್ತು. ನೆಲ ಬದಲಾಯ್ತು, ನೀರಿನ ಹಕ್ಕು ಮಾತ್ರ ಬದಲಾಗ್ಲಿಲ್ಲ, ಯಾಕಂದ್ರೆ ನೀರಿನ ಹಕ್ಕು ಬಿಟ್ಟುಕೊಡ್ಬೇಕಾದ್ರೆ ನಗರದ ಮತದಾರರಲ್ಲಿ ಮೂರರಲ್ಲಿ ಎರಡು ಪಾಲು ಒಪ್ಪಬೇಕು ಅಂತ ಲಾಸ್ ಏಂಜಲೀಸ್‌ನ ನಿಯಮ. ಆ ವಿಷಯ ಆಮೇಲೆ ನೋಡೋಣ ಅಂತ ಬಿಟ್ಟಿದ್ದು, ಇನ್ನೂ ಇತ್ಯರ್ಥ ಆಗಿಲ್ಲ.

ಮುಂದಿನ ಘಟನೆಯೂ ಅದೇ ನಗರದ ಜಮೀನಲ್ಲೇ. ಇಂಡಿಪೆಂಡೆನ್ಸ್ ಮತ್ತು ಲೋನ್ ಪೈನ್ ಮಧ್ಯೆ ಮಾನ್ಸನಾರ್ ಅಂತ ಒಂದು ಸೇಬಿನ ತೋಟಗಳ ಊರಿತ್ತು, ನಗರ ಕೊಂಡ್ಮೇಲೆ ಜನ ಖಾಲಿ ಮಾಡಿದ್ರು, ಮರ ಒಣಗ್ತಾ ಇದ್ವು. 1941ರ ಡಿಸೆಂಬರ್‌ನಲ್ಲಿ ಜಪಾನ್ ಪರ್ಲ್ ಹಾರ್ಬರ್ ಮೇಲೆ ಬಾಂಬ್ ಹಾಕಿದ ಮೇಲೆ, 1942ರ ಫೆಬ್ರವರಿ 19ರ ಅಧ್ಯಕ್ಷರ ಆದೇಶದ ಪ್ರಕಾರ ಪಶ್ಚಿಮ ಕರಾವಳಿಯ ಜಪಾನೀ ಮೂಲದವರನ್ನೆಲ್ಲ ಹಿಡಿದು ಹತ್ತು ಕ್ಯಾಂಪ್‌ಗಳಿಗೆ ತುಂಬಿದ್ರು, ಅದರಲ್ಲಿ ಒಂದು ಇಲ್ಲಿ. ಸೈನ್ಯ ನಗರದ ಜಮೀನನ್ನ ತಗೊಂಡು ಮುಳ್ಳುತಂತಿ ಹಾಕಿ, ಕಾವಲು ಗೋಪುರ ಕಟ್ಟಿ, ಹಲಗೆ ಮತ್ತು ಟಾರ್ ಪೇಪರ್‌ನ 504 ಬ್ಯಾರಕ್ ನಿಲ್ಲಿಸ್ತು. ಒಂದು ಹೊತ್ತಲ್ಲಿ ಹತ್ತು ಸಾವಿರಕ್ಕೂ ಜಾಸ್ತಿ ಜನ ಇದ್ರು, ಅಂದ್ರೆ ಆಗಿನ ಇಡೀ ಇನ್ಯೋ ಕೌಂಟಿಯ ಜನಸಂಖ್ಯೆಗಿಂತ ಹೆಚ್ಚು. ಬಹುಪಾಲು ಲಾಸ್ ಏಂಜಲೀಸ್ ಕಡೆಯವರು, ಮೂರರಲ್ಲಿ ಎರಡು ಪಾಲು ಅಮೆರಿಕಾದಲ್ಲೇ ಹುಟ್ಟಿದ ಪ್ರಜೆಗಳು. ಯಾವ ಕೇಸೂ ಇಲ್ಲ, ವಿಚಾರಣೆಯೂ ಇಲ್ಲ.

ಹಲಗೆ ಸಂದಿನಿಂದ ಮರಳು ಊಟದ ತಟ್ಟೆಗೂ ಹಾಸಿಗೆಗೂ ಬರ್ತಿತ್ತು. ಅಂಥ ಜಾಗದಲ್ಲೂ ಅವರು ಕೊಳ, ಕಲ್ಲಿನ ತೋಟ ಮಾಡಿದ್ರು, ಒಣಗ್ತಿದ್ದ ಸೇಬು ಪೇರ್ ಮರಗಳಿಗೆ ಆರೈಕೆ ಮಾಡಿ ಮತ್ತೆ ಹಣ್ಣು ತೆಗೆದ್ರು. 1942ರ ಡಿಸೆಂಬರ್ 6ರ ರಾತ್ರಿ ಗಲಾಟೆಯಲ್ಲಿ ಸೈನಿಕರು ಗುಂಡು ಹಾರಿಸಿ ಇಬ್ಬರು ಯುವಕರು ಸತ್ರು. ತೋಯೋ ಮಿಯಾತಾಕೆ ಅನ್ನೋ ಫೋಟೋಗ್ರಾಫರ್ ಲೆನ್ಸ್ ಒಂದನ್ನ ಬಚ್ಚಿಟ್ಕೊಂಡು ತಂದು, ಮರದ ಪೆಟ್ಟಿಗೆಯಲ್ಲಿ ಕ್ಯಾಮೆರಾ ಮಾಡ್ಕೊಂಡು ಒಳಗಿನ ಬದುಕನ್ನ ತೆಗೆದ, ಆ ಫೋಟೋಗಳು ಈಗ ಮುಖ್ಯ ದಾಖಲೆ. 1945ರ ನವೆಂಬರ್‌ನಲ್ಲಿ ಕ್ಯಾಂಪ್ ಮುಚ್ಚಿತು, 1988ರಲ್ಲಿ ಸರ್ಕಾರ ಕ್ಷಮೆ ಕೇಳಿ ಬದುಕಿದ್ದವರಿಗೆ ತಲಾ 20,000 ಡಾಲರ್ ಪರಿಹಾರ ಕೊಡೋ ಕಾನೂನು ಮಾಡ್ತು, 1992ರಲ್ಲಿ ಆ ಜಾಗ ರಾಷ್ಟ್ರೀಯ ಐತಿಹಾಸಿಕ ತಾಣ ಆಯ್ತು. ಹೈವೇ 395ರಲ್ಲಿ ಹೋಗೋರು ಅಲ್ಲಿ ಒಂದು ಗಂಟೆಯಾದ್ರೂ ನಿಲ್ಲಿಸ್ಬೇಕು, ಲಾಸ್ ಏಂಜಲೀಸಿಂದ ಮ್ಯಾಮತ್‌ಗೆ ಸ್ಕೀಯಿಂಗ್ ಅಂತ ಹೋಗೋ ನಮ್ಮವರು ಬರೀ ಪೆಟ್ರೋಲ್ ಹಾಕಿಸ್ಕೊಂಡು ಮುಂದೆ ಹೋಗ್ತಾರೆ.

ಈಗ ಆ ಉಪ್ಪಿನ ವಿಷಯ. ನದಿಯನ್ನ ಕಾಲುವೆಗೆ ತಿರುಗಿಸಿದ ಮೇಲೆ ಓವೆನ್ಸ್ ಸರೋವರ 1920ರ ದಶಕದಲ್ಲೇ ಒಣಗಿ ಹೋಯ್ತು. ತಳದಲ್ಲಿ ಉಳಿದಿದ್ದು ಸಾವಿರಾರು ವರ್ಷದಿಂದ ಸೇರಿದ ಉಪ್ಪು, ಸೋಡಾ, ಆರ್ಸೆನಿಕ್ ಸೇರಿರೋ ನುಣ್ಣನೆ ಮಣ್ಣು. ಗಾಳಿ ಎದ್ರೆ ಅದು ಬಿಳಿ ಗೋಡೆ ಥರ ಎದ್ದು ಕೀಲರ್, ಲೋನ್ ಪೈನ್ ಊರುಗಳ ಮೇಲೆ ಬರ್ತಿತ್ತು, ಇಡೀ ಅಮೆರಿಕಾದಲ್ಲಿ ಶ್ವಾಸಕೋಶಕ್ಕೆ ಹೋಗೋ ಸಣ್ಣ ಧೂಳಿನ ಅತಿ ದೊಡ್ಡ ಒಂದೇ ಮೂಲ ಇದೇ ಆಗಿತ್ತು. ವಾಯುಮಾಲಿನ್ಯದ ಕಾನೂನು ಹಿಡ್ಕೊಂಡು ಸ್ಥಳೀಯ ನಿಯಂತ್ರಣ ಮಂಡಳಿ ದಶಕಗಟ್ಲೆ ಜಗ್ಗಾಡಿದ ಮೇಲೆ 2000ದ ಆಸುಪಾಸಿಂದ ನಗರ ಧೂಳು ಅಡಗಿಸೋ ಕೆಲಸ ಶುರು ಮಾಡ್ತು. ಕೆಲವು ಕಡೆ ತೆಳುವಾಗಿ ನೀರು ನಿಲ್ಸೋದು, ಕೆಲವು ಕಡೆ ಉಪ್ಪು ತಡಿಯೋ ಹುಲ್ಲು, ಕೆಲವು ಕಡೆ ಜಲ್ಲಿ ಹಾಸೋದು. ಇದುವರೆಗೆ ಖರ್ಚು 200 ಕೋಟಿ ಡಾಲರ್ ದಾಟಿದೆ, ಇಡೀ ಕಾಲುವೆ ಕಟ್ಟಿದ್ದು 2.3 ಕೋಟಿಗೆ ಅಂತ ನೆನಪಿರ್ಲಿ, ಬೆಲೆಯೇರಿಕೆ ಲೆಕ್ಕ ಹಿಡಿದ್ರೂ ವ್ಯತ್ಯಾಸ ದೊಡ್ಡದೇ. ಧೂಳು ತುಂಬಾ ಕಮ್ಮಿಯಾಗಿದೆ, ನೀರು ನಿಲ್ಸಿದಲ್ಲಿ ಉಪ್ಪುನೊಣ ಬಂದು, ನೊಣ ತಿನ್ನೋಕೆ ಸಾವಿರಾರು ವಲಸೆ ಹಕ್ಕಿಗಳು ಬರ್ತಾವೆ.

1970ರಲ್ಲಿ ಎರಡನೇ ಕಾಲುವೆ ಬಂತು, ಅದನ್ನ ತುಂಬೋಕೆ ನಗರ ಬೋರ್‌ವೆಲ್ ಪಂಪಿಂಗ್ ಜಾಸ್ತಿ ಮಾಡ್ತು, ಚಿಲುಮೆಗಳು ಬತ್ತಿದ್ವು, ಹುಲ್ಲುಗಾವಲು ಒಣಗ್ತು. ಈ ಸಲ ಕಣಿವೆಯವರು ಡೈನಮೈಟ್ ಹಿಡೀಲಿಲ್ಲ. ಆಗ ತಾನೇ ಬಂದಿದ್ದ ಕ್ಯಾಲಿಫೋರ್ನಿಯಾದ ಪರಿಸರ ಕಾನೂನು ಹಿಡ್ಕೊಂಡು 1972ರಲ್ಲಿ ಇನ್ಯೋ ಕೌಂಟಿ ಕೋರ್ಟಿಗೆ ಹೋಯ್ತು, ಅದಕ್ಕೆ ಸಿಕ್ಕಿದ ಫಲ 1991ರ ಒಪ್ಪಂದ, ಗಿಡ ಒಣಗೋವಷ್ಟು ಅಂತರ್ಜಲ ಎಳೀಬಾರದು ಅಂತ. ಪರಿಹಾರದ ಭಾಗವಾಗಿ ಹಳೇ ಓವೆನ್ಸ್ ನದಿಯ 62 ಮೈಲಿಗೆ ಮತ್ತೆ ನೀರು ಬಿಡ್ಬೇಕಿತ್ತು, ಎಳೆದಾಡಿ ಎಳೆದಾಡಿ 2006ರ ಡಿಸೆಂಬರ್‌ನಲ್ಲಿ ಬಿಟ್ರು. ಮುಂಚೆ ಎಷ್ಟು ಬಿಗಿ ಇತ್ತು ಅನ್ನೋಕೆ ಒಂದು ಮೀನಿನ ಕಥೆ ಸಾಕು: 1969ರ ಬೇಸಿಗೆಯಲ್ಲಿ ಬಿಷಪ್‌ನ ಉತ್ತರಕ್ಕಿರೋ ಜೌಗು ಹೊಂಡ ಒಣಗ್ತಿದ್ದಾಗ, ಓವೆನ್ಸ್ ಪಪ್‌ಫಿಶ್ ಅನ್ನೋ ಬೆರಳುದ್ದದ ಮೀನಿನ ಇಡೀ ಸಂತತಿ, ಸುಮಾರು 800, ಅಲ್ಲಷ್ಟೇ ಉಳಿದಿತ್ತು. ಮೀನುಗಾರಿಕೆ ಇಲಾಖೆಯ ಫಿಲ್ ಪಿಸ್ಟರ್ ಓಡಿ ಹೋಗಿ ಅವನ್ನ ಬಕೆಟಿಗೆ ತುಂಬಿ ಬೇರೆ ಕಡೆ ಬಿಟ್ರು. ಒಂದು ಹೊತ್ತು ಆ ಜಾತಿ ಪೂರ್ತಿ ಅವರ ಎರಡು ಬಕೆಟ್‌ನಲ್ಲಿತ್ತು.

ಈ ಕಥೆಗೆ ಒಂದು ತಿರುವೂ ಇದೆ, ಅದನ್ನ ಹೇಳ್ದೆ ಹೋದ್ರೆ ಅನ್ಯಾಯ. ನಗರ ಜಮೀನು ಹಿಡ್ಕೊಂಡು ಏನೂ ಕಟ್ಟಲಿಲ್ಲ, ಯಾರಿಗೂ ಕಟ್ಟೋಕೂ ಬಿಡ್ಲಿಲ್ಲ, ಅದಕ್ಕೇ ಓವೆನ್ಸ್ ಕಣಿವೆ ಇವತ್ತು ಮಾಲು, ವಿಲ್ಲಾ, ಬಡಾವಣೆ ಇಲ್ದೆ ಬಯಲಾಗೇ ಉಳಿದಿದೆ, ಅದರ ಬಹುಪಾಲಲ್ಲಿ ಯಾರು ಬೇಕಾದ್ರೂ ಮೀನು ಹಿಡಿಯೋಕೆ, ನಡೆಯೋಕೆ ಹೋಗಬಹುದು. ಪ್ರವಾಸಿಗಳು ಬರೋದು ಇದನ್ನ ನೋಡೋಕೇ, ಕೌಂಟಿಯ ಜನಕ್ಕೆ ಈಗ ದುಡಿಮೆ ಬಹುಮಟ್ಟಿಗೆ ಲಾಡ್ಜು, ಹೋಟೆಲು, ಸರ್ಕಾರಿ ಕೆಲಸ. ಅಲಬಾಮಾ ಗುಡ್ಡಗಳಲ್ಲಿ ನೂರಾರು ಸಿನಿಮಾ ತೆಗೆದಿದ್ದಾರೆ, 1930ರ ದಶಕದಲ್ಲಿ ಹಾಲಿವುಡ್‌ನವರು ಬ್ರಿಟಿಷ್ ಇಂಡಿಯಾದ ವಾಯವ್ಯ ಗಡಿ ಅಂತ ತೋರಿಸಿದ್ದು ಇವೇ ಬಂಡೆಗಳನ್ನ. ಟಿಂಬಿಶಾ ಶೋಶೋನಿಗಳಿಗೆ 2000ದಲ್ಲಿ ಕಾನೂನು ಮಾಡಿ ಸುಮಾರು 7,700 ಎಕರೆ ವಾಪಸ್ ಕೊಟ್ರು, ಅದರಲ್ಲಿ 300 ಎಕರೆ ಚಿಲ್ಲರೆ ಡೆತ್ ವ್ಯಾಲಿ ಪಾರ್ಕಿನ ಮಧ್ಯದಲ್ಲೇ ಇದೆ.

ಇನ್ನೊಂದು ಮುಖ ಅಂದ್ರೆ ಮನೆ. ಬಿಷಪ್‌ನಲ್ಲಿ ಆಸ್ಪತ್ರೆ ನರ್ಸ್‌ಗೂ ಸ್ಕೂಲ್ ಟೀಚರ್‌ಗೂ ಬಾಡಿಗೆ ಮನೆ ಸಿಗೋದು ಕಷ್ಟ, ಸುತ್ತ ಮೈಲಿಗಟ್ಲೆ ಖಾಲಿ ನೆಲ ಕಾಣುತ್ತೆ, ಸೈಟ್ ಮಾತ್ರ ಇಲ್ಲ. ನಗರ ಆ ಜಮೀನಿಗೆ ಇನ್ಯೋಗೆ ಆಸ್ತಿ ತೆರಿಗೆ ಕಟ್ಟುತ್ತೆ, ಕೌಂಟಿಯ ದೊಡ್ಡ ತೆರಿಗೆದಾರರಲ್ಲಿ ಅದೂ ಒಂದು, ಹಂಗಾಗಿ ಕೌಂಟಿಗೆ ಪೂರ್ತಿ ಜಗಳ ಆಡೋಕೂ ಆಗಲ್ಲ, ಪೂರ್ತಿ ಒಪ್ಪೋಕೂ ಆಗಲ್ಲ. ನಗರದ ನೀರು ಮತ್ತು ವಿದ್ಯುತ್ ಇಲಾಖೆ ನಡೆಸೋದು ಲಾಸ್ ಏಂಜಲೀಸ್ ಮೇಯರ್ ನೇಮಿಸೋ ಐದು ಜನರ ಮಂಡಳಿ, ಆ ಮೇಯರ್‌ಗೆ ಇನ್ಯೋದವರು ವೋಟ್ ಹಾಕೋಕೆ ಬರಲ್ಲ. ಇನ್ಯೋದವರು ಆರಿಸಿದ ಐದು ಸೂಪರ್‌ವೈಸರ್‌ಗಳ ಹತ್ತಿರ ಇರೋ ಹತಾರ 1991ರ ಆ ಒಪ್ಪಂದ. ಅದರ ಪ್ರಕಾರ ಪ್ರತಿ ವರ್ಷ ಏಪ್ರಿಲ್‌ನಲ್ಲಿ ಮುಂದಿನ ವರ್ಷ ಎಷ್ಟು ನೀರು ಎತ್ತುತೀವಿ ಅಂತ ನಗರ ಒಂದು ಪ್ಲಾನ್ ಕಳ್ಸುತ್ತೆ, ಕೌಂಟಿಯ ನೀರಿನ ವಿಭಾಗದವರು ಬಾವಿ ಮಟ್ಟ ಅಳೆದು, ಹುಲ್ಲುಗಾವಲು ನೋಡ್ಕೊಂಡು ಬಂದು, ಇಷ್ಟು ಜಾಸ್ತಿ ಆಯ್ತು ಅಂತ ವಾಪಸ್ ಬರೀತಾರೆ, ಆಮೇಲೆ ಎರಡೂ ಕಡೆಯವರು ಕೂತು ಚೌಕಾಸಿ ಮಾಡ್ತಾರೆ.